ವರ್ಬೂಕ್‌ಹೋವನ್‌ನ ಕುರಿಗಳಿಗೆ ಬೆಲೆ ಕಟ್ಟಿದ್ದು

ಬ್ರಸೆಲ್ಸ್‌ನ ಒಂದು ಹರಾಜು ಸಂಸ್ಥೆಯಲ್ಲಿ ಹತ್ತೊಂಬತ್ತನೆಯ ಶತಮಾನದ ವರ್ಣಚಿತ್ರಗಳಿಗೆ ಅಂದಾಜು ಬೆಲೆ ಕಟ್ಟುವುದು ನನ್ನ ಕೆಲಸ. ಬೆಲ್ಜಿಯಂನ ಕಲೆ ಎಂದೊಡನೆ ಜನರಿಗೆ ನೆನಪಾಗುವವನು ಇಪ್ಪತ್ತನೆಯ ಶತಮಾನದ ಸರ್ರಿಯಲಿಸ್ಟ್ ಚಿತ್ರಕಾರ ರೆನೆ ಮಗ್ರಿಟ್. 2024ರ ನವೆಂಬರಿನಲ್ಲಿ ಅವನ ಒಂದು ಚಿತ್ರ ನ್ಯೂಯಾರ್ಕಿನಲ್ಲಿ 12 ಕೋಟಿ ಡಾಲರಿಗೂ ಮಿಗಿಲಾಗಿ ಮಾರಾಟವಾದ ಮೇಲೆ, ಹಳೆಯ ಬೆಲ್ಜಿಯನ್ ಚಿತ್ರವೊಂದನ್ನು ಮನೆಯಲ್ಲಿಟ್ಟುಕೊಂಡವರ ನಿರೀಕ್ಷೆಯೂ ಏರಿತು. ಆದರೆ ಹಿರಿಯರ ಆಸ್ತಿ ಪಾಲಾಗುವಾಗ ನನ್ನ ಮೇಜಿಗೆ ಬರುವುದು ಹೆಚ್ಚಾಗಿ ಕುರಿಗಳ ಚಿತ್ರಗಳು, ಅವುಗಳಲ್ಲಿಯೂ ಯೂಜೀನ್ ವರ್ಬೂಕ್‌ಹೋವನ್‌ನ ಹೆಸರು ಹೊತ್ತವು.

1798ರಲ್ಲಿ ವಾರ್ನೆಟನ್‌ನಲ್ಲಿ ಹುಟ್ಟಿ 1881ರಲ್ಲಿ ಬ್ರಸೆಲ್ಸ್‌ನಲ್ಲಿ ತೀರಿಕೊಂಡ ಈ ಕಲಾವಿದ ದೀರ್ಘಕಾಲ ಬಾಳಿ, ಅಪಾರವಾಗಿ ಚಿತ್ರಿಸಿದ. ಬೇಡಿಕೆ ಎಷ್ಟಿತ್ತೆಂದರೆ ಅವನು ಬದುಕಿರುವಾಗಲೇ ನಕಲುಗಳು ಹರಡಿದ್ದವು. ಅದಕ್ಕಾಗಿಯೇ ಅವನು ಎಷ್ಟೋ ಚಿತ್ರಗಳ ಹಿಂಬದಿಗೆ, ಇದು ತಾನೇ ಬರೆದ ಮೂಲಚಿತ್ರವೆಂದು ಫ್ರೆಂಚಿನಲ್ಲಿ ಘೋಷಿಸಿ ಸಹಿ ಹಾಕಿದ ಚೀಟಿಯನ್ನು ಅಂಟಿಸಿ, ಅರಗಿನ ಮುದ್ರೆ ಒತ್ತುತ್ತಿದ್ದ. ಆದ್ದರಿಂದ ಅವನ ಚಿತ್ರ ಬಂದಾಗ ನಾನು ಮೊದಲು ನೋಡುವುದು ಬೆನ್ನನ್ನೇ.

ಒಂದು ಕುಟುಂಬ ತಂದ ಓಕ್ ಹಲಗೆಯ ಸಣ್ಣ ಚಿತ್ರದಲ್ಲಿ ಕೊಟ್ಟಿಗೆಯೊಳಗೆ ಒಂದು ತಾಯಿಕುರಿ, ಅದರ ಮರಿ, ಎರಡು ಕೋಳಿಗಳಿದ್ದವು. ಹಿಂಬದಿಯಲ್ಲಿ ಚೀಟಿಯೂ ಮುದ್ರೆಯೂ ಇದ್ದವು. ಚೀಟಿ ಇದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒಂದು ಹಲಗೆಯಿಂದ ಬಿಡಿಸಿ ಇನ್ನೊಂದಕ್ಕೆ ಅಂಟಿಸಲು ಅದು ಬರೀ ಕಾಗದ. ಚೀಟಿಯ ಅಂಚಿನಲ್ಲಿ ಹೊಸ ಅಂಟಿನ ಗುರುತಿದೆಯೇ, ಕಾಗದವೂ ಮರವೂ ಒಂದೇ ಬಗೆಯಲ್ಲಿ ಮಾಸಿವೆಯೇ, ಬರೆದ ವಿವರ ಮುಂದಿನ ಚಿತ್ರಕ್ಕೆ ಹೊಂದುತ್ತದೆಯೇ ಎಂದು ಪರಿಶೀಲಿಸಿದೆ. ಆಮೇಲೆ ಕತ್ತಲೆ ಕೋಣೆಯಲ್ಲಿ ಅತಿನೇರಳೆ ದೀಪ ಹಿಡಿದೆ. ಹಳೆಯ ವಾರ್ನಿಷ್ ಆ ಬೆಳಕಿನಲ್ಲಿ ಹಸಿರು ಛಾಯೆಯಿಂದ ಮಂದವಾಗಿ ಹೊಳೆಯುತ್ತದೆ. ನಂತರ ತಿದ್ದಿದ ಜಾಗಗಳು ಅದರ ಮೇಲೆ ಕಪ್ಪಾಗಿ ಎದ್ದು ಕಾಣುತ್ತವೆ. ಸಹಿ ವಾರ್ನಿಷಿನ ಕೆಳಗೇ ಇತ್ತು. ಹಿನ್ನೆಲೆಯ ಒಂದು ಮೂಲೆಯಲ್ಲಿ, ಹಲಗೆ ಸೀಳಿದ್ದ ಗೆರೆಯುದ್ದಕ್ಕೂ, ತಿದ್ದುಪಡಿ ಕಂಡಿತು.

ಇಷ್ಟೆಲ್ಲ ಆದ ಮೇಲೂ ಕೊನೆಯ ಸಾಕ್ಷಿ ಕಲಾವಿದನ ಕೈಯದು. ವರ್ಬೂಕ್‌ಹೋವನ್ ಉಣ್ಣೆಯನ್ನು ಒಂದೇ ಬಿಳಿಯ ರಾಶಿಯಾಗಿ ಬಳಿಯುವವನಲ್ಲ. ಕುತ್ತಿಗೆಯ ಸುರುಳಿ, ಹೊಟ್ಟೆಯ ಬಳಿಯ ಜಡೆ, ಮೊಣಕಾಲಿನ ಮಣ್ಣು ಮೆತ್ತಿದ ಎಳೆ ಎಲ್ಲವೂ ಬೇರೆಬೇರೆಯಾಗಿರುತ್ತವೆ, ಚರ್ಮದ ಕೆಳಗೆ ಎಲುಬು ಇರುವುದು ಗೊತ್ತಾಗುತ್ತದೆ. ಅನುಕರಿಸಿದವರ ಕುರಿಗಳಲ್ಲಿ ಉಣ್ಣೆಯಿರುತ್ತದೆ, ಮೈಯಿರುವುದಿಲ್ಲ. ಹೇಗ್ ನಗರದ ಕಲಾಚರಿತ್ರೆಯ ದಾಖಲಾಲಯದಲ್ಲಿಯೂ ಬ್ರಸೆಲ್ಸ್‌ನ ರಾಯಲ್ ಕಲಾಪರಂಪರೆ ಸಂಸ್ಥೆಯಲ್ಲಿಯೂ ಇರುವ ಛಾಯಾಚಿತ್ರಗಳನ್ನು ಪಕ್ಕಕ್ಕಿಟ್ಟು ನೋಡಿದಾಗ ನನಗೆ ಸಂಶಯ ಉಳಿಯಲಿಲ್ಲ.

ಬೆಲೆಯ ವಿಷಯಕ್ಕೆ ಬಂದರೆ, ಹಳೆಯ ಹರಾಜುಗಳ ಫಲಿತಾಂಶಗಳಲ್ಲಿ ಯಾವುದನ್ನು ಬಿಡಬೇಕು ಎಂಬುದೇ ಹೆಚ್ಚಿನ ವಿವೇಚನೆಯನ್ನು ಬೇಡುತ್ತದೆ. ಅವನ ಅತಿ ಹೆಚ್ಚಿನ ಬೆಲೆಗಳನ್ನು ನಾನು ಮೊದಲೇ ಬದಿಗಿಡುತ್ತೇನೆ. ಕ್ಲೋಂಬೆಕ್ ಎಂಬ ಭೂದೃಶ್ಯ ಚಿತ್ರಕಾರನ ದೊಡ್ಡ ಕಾಡುಗಳಲ್ಲಿ ವರ್ಬೂಕ್‌ಹೋವನ್ ಪ್ರಾಣಿಗಳನ್ನು ಬರೆದು ಇಬ್ಬರೂ ಸಹಿ ಹಾಕಿದ ಚಿತ್ರಗಳೂ ಬೇರೆಯ ಮಾರುಕಟ್ಟೆಗೆ ಸೇರಿದವು. ಹಲಗೆ, ಅಳತೆ, ಕಾಲ, ಕೊಟ್ಟಿಗೆಯ ಒಳನೋಟ ಇವು ಹೊಂದುವ ಮಾರಾಟಗಳನ್ನಷ್ಟೇ ಆರಿಸಿದೆ. ಪ್ರಕಟವಾಗುವ ಬೆಲೆ ಸಾಮಾನ್ಯವಾಗಿ ಖರೀದಿದಾರರು ಹರಾಜು ಸಂಸ್ಥೆಗೆ ಮೇಲೆ ಕೊಡುವ ಶುಲ್ಕವನ್ನೂ ಒಳಗೊಂಡಿರುತ್ತದೆ. ನಾವು ಕೊಡುವ ಅಂದಾಜಿನಲ್ಲಿ ಅದು ಸೇರುವುದಿಲ್ಲ. ಆದ್ದರಿಂದ ಪ್ರತಿಯೊಂದನ್ನೂ ಸುತ್ತಿಗೆ ಬಿದ್ದಾಗಿನ ಬೆಲೆಗೆ ಇಳಿಸಿಕೊಂಡೆ. ಬೆಲ್ಜಿಯನ್ ಫ್ರಾಂಕಿನಲ್ಲಿ ಇದ್ದ ಹಳೆಯ ಬೆಲೆಗಳನ್ನು 40.3399 ಫ್ರಾಂಕಿಗೆ ಒಂದು ಯೂರೋದಂತೆ ಪರಿವರ್ತಿಸಿದರೂ ಅವಕ್ಕೆ ನಾನು ಹೆಚ್ಚು ತೂಕ ಕೊಡಲಿಲ್ಲ, ಏಕೆಂದರೆ ಆ ದಿನಗಳಲ್ಲಿ ರಮ್ಯ ಶೈಲಿಯ ಪ್ರಾಣಿಚಿತ್ರಗಳಿಗಿದ್ದ ಉತ್ಸಾಹ ಈಗಿಲ್ಲ. ಮಾರಾಟವಾಗದೆ ಹಿಂದಿರುಗಿದ ಚಿತ್ರಗಳ ದಾಖಲೆಯೇ ನನಗೆ ಹೆಚ್ಚು ಉಪಯೋಗಕ್ಕೆ ಬಂತು; ಎಲ್ಲಿಗೆ ಸವಾಲು ನಿಲ್ಲುತ್ತದೆ ಎಂಬುದನ್ನು ಅವು ನೇರವಾಗಿ ತೋರಿಸುತ್ತವೆ.

ಕುಟುಂಬದವರ ಬಳಿ ಹಳೆಯ ವಿಮಾಪತ್ರವಿತ್ತು, ಅದರಲ್ಲಿದ್ದ ಮೊತ್ತ ನನ್ನ ಲೆಕ್ಕಕ್ಕಿಂತ ಬಹಳ ಹೆಚ್ಚಾಗಿತ್ತು. ವಿಮೆಯ ಮೌಲ್ಯವೆಂದರೆ ಕಳೆದುಹೋದ ಚಿತ್ರಕ್ಕೆ ಸಮನಾದುದನ್ನು ಅಂಗಡಿಯಿಂದ ಕೊಳ್ಳಲು ತಗಲುವ ಹಣ. ಹರಾಜಿನ ಮೌಲ್ಯವೆಂದರೆ ಒಂದು ದಿನ, ಒಂದು ಸಭಾಂಗಣದಲ್ಲಿ, ಕನಿಷ್ಠ ಇಬ್ಬರು ಪೈಪೋಟಿಗೆ ನಿಂತಾಗ ದೊರೆಯುವ ಹಣ. ಇದನ್ನು ಸಮಾಧಾನವಾಗಿ ವಿವರಿಸುವುದು ಬೆಲೆ ಕಟ್ಟುವವನ ಕರ್ತವ್ಯವೆಂದೇ ನಾನು ತಿಳಿದಿದ್ದೇನೆ. ದೊಡ್ಡ ಅಂಕಿ ಹೇಳಿ ಚಿತ್ರವನ್ನು ಒಲಿಸಿಕೊಳ್ಳುವುದು ಸುಲಭ, ಆದರೆ ಒಮ್ಮೆ ಮಾರಾಟವಾಗದೆ ಉಳಿದ ಚಿತ್ರವನ್ನು ಕೊಳ್ಳುವವರು ವರ್ಷಗಟ್ಟಲೆ ಅನುಮಾನದಿಂದ ನೋಡುತ್ತಾರೆ, ಮತ್ತು ಆ ನಷ್ಟವನ್ನು ಹೊರುವವರು ಮಾಲೀಕರೇ.

ಹಲಗೆಯ ಸೀಳಿಗಾಗಿ ಸ್ವಲ್ಪ ಇಳಿಸಿ, ಉಳಿದುಬಂದ ಚೀಟಿಗಾಗಿ ಸ್ವಲ್ಪ ಏರಿಸಿ, 4,000ದಿಂದ 6,000 ಯೂರೋ ಎಂದು ಅಂದಾಜು ಬರೆದೆ. ಮೀಸಲು ಬೆಲೆ, ಅಂದರೆ ಅದಕ್ಕಿಂತ ಕಡಿಮೆಗೆ ಚಿತ್ರವನ್ನು ಮಾರುವುದಿಲ್ಲವೆಂಬ ಮಿತಿ, ಕೆಳಗಿನ ಅಂಕಿಯನ್ನು ಮೀರುವಂತಿಲ್ಲ. ಹಿಂಬದಿಯ ಛಾಯಾಚಿತ್ರವನ್ನೂ ಸೀಳಿನ ವಿವರವನ್ನೂ ಪಟ್ಟಿಯಲ್ಲಿ ಸೇರಿಸುವಂತೆ ಸೂಚಿಸಿದೆ. ಕೈಗೆ ಸಿಗುವ ಹಣದ ಬಗ್ಗೆ ಅವರು ಕೇಳಿದಾಗ ನಮ್ಮ ಕಮಿಷನ್ ಮಾತ್ರ ಕಳೆಯುತ್ತದೆಂದು ತಿಳಿಸಿದೆ. ಯುರೋಪಿನಲ್ಲಿ ಮರುಮಾರಾಟದಿಂದ ಕಲಾವಿದನಿಗೂ ಅವನ ವಾರಸುದಾರರಿಗೂ ಸಲ್ಲಬೇಕಾದ ಪಾಲು ಕಲಾವಿದ ತೀರಿಕೊಂಡು 70 ವರ್ಷಗಳವರೆಗೆ ಮಾತ್ರ ಅನ್ವಯಿಸುತ್ತದೆ. 1967ರಲ್ಲಿ ತೀರಿಕೊಂಡ ಮಗ್ರಿಟ್‌ನ ಚಿತ್ರವಾಗಿದ್ದರೆ ಅದನ್ನೂ ಲೆಕ್ಕ ಹಿಡಿಯಬೇಕಾಗಿತ್ತು.