ಗಾಜಿಗೆ ಮೊಡವೆ ಎದ್ದಿದ್ದು ಎಲ್ಲಿಂದ?

ಆಳಂದದ ಗಿರಾಕಿಯೊಬ್ಬರು ಕಾರಿಗೆ ಕೂಲಿಂಗ್ ಪೇಪರ್ ಹಾಕಿಸಿಕೊಂಡು ಹೋಗಿ, ನಾಲ್ಕನೇ ದಿನ ಗಾಡಿ ವಾಪಸ್ ತಂದು ನಿಲ್ಲಿಸಿದರು. ಇಳಿದವರೇ ಹಿಂದಿನ ಬಾಗಿಲ ಗಾಜಿನ ಮೇಲೆ ಬೆರಳಿಟ್ಟು, "ಏನಪ್ಪಾ ತಮ್ಮಾ, ಗಾಜಿಗೆ ಮೊಡವಿ ಎದ್ದಾವಲ್ಲ?" ಎಂದರು. ನಾನು ಎಂದಿನ ಉತ್ತರ ಕೊಟ್ಟೆ. "ನಮ್ಮ ಕಲಬುರಗಿ ಧೂಳಿ ನಿಮಗ ಗೊತ್ತೇ ಅದ ಅಲ್ರಿ ಕಾಕಾ." ಅವರು ನಗಲಿಲ್ಲ. ಪುಕ್ಕಟೆಯಾಗಿ ಬೇರೆ ಫಿಲ್ಮ್ ಹಾಕಿಕೊಡಬೇಕಾಯಿತು.

ನನ್ನ ಶೆಡ್ಡು ಹುಮನಾಬಾದ್ ರಸ್ತೆಯಲ್ಲಿ, ಕಪನೂರ ಕೈಗಾರಿಕಾ ಪ್ರದೇಶದ ಹತ್ತಿರ ಇದೆ. ತೊಗರಿ ರಾಶಿಯ ಕಾಲದಲ್ಲಿ ದಾಲ್‌ಮಿಲ್ಲುಗಳ ಹೊಟ್ಟು ಹಾರುತ್ತದೆ, ಬೇಸಿಗೆಯಲ್ಲಿ ಎರೆಹೊಲದ ಧೂಳು. ಹಾಗಾಗಿ ಮೊದಲಿಂದಲೂ ನನ್ನ ಯುದ್ಧವೆಲ್ಲ ರಸ್ತೆಯ ಮೇಲೆ. ಶಟರ್ ಎಳೆದೆ, ಸಂದಿಗೆ ಒದ್ದೆ ಗೋಣಿಚೀಲ ತುರುಕಿದೆ, ಫ್ಯಾನ್ ಬಂದ್ ಮಾಡಿದೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ಒಳಗೆ ಬೆವರು ಸುರಿಸಿಕೊಂಡು ಕೆಲಸ ಮಾಡಿದೆ. ಮೊಡವೆ ಮಾತ್ರ ಕಡಿಮೆಯಾಗಲಿಲ್ಲ.

ಅವತ್ತು ಕಾಕಾನ ಗಾಜಿನಿಂದ ಕಿತ್ತ ಫಿಲ್ಮನ್ನು ಎಸೆಯುವ ಮುಂಚೆ, ಯಾಕೋ ಏನೋ, ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಕ್ಯಾಮೆರಾ ಜೂಮ್ ಮಾಡಿದೆ. ಮಣ್ಣಿನ ಕಣ ನಾಲ್ಕೈದು ಇದ್ದಿರಬಹುದು. ಉಳಿದದ್ದೆಲ್ಲ ಎಳೆ. ಸಣ್ಣ ಸಣ್ಣ ನೀಲಿ ಎಳೆ. ಪಕ್ಕದ ಮೊಳೆಗೆ ನೇತುಹಾಕಿದ್ದ ನನ್ನ ಟವೆಲ್ ಕೂಡ ಅದೇ ನೀಲಿ! ಗಾಜಿನ ಕೆಳಗಂಚಿನ ಉದ್ದಕ್ಕೂ ಕರಿ ಕೂದಲಿನಂಥ ತುಣುಕುಗಳಿದ್ದವು. ಅವು ಗಾಜು ಇಳಿಯುವ ಸಂದಿಯಲ್ಲಿ ಇರುತ್ತದಲ್ಲ, ಆ ಮೆತ್ತನೆಯ ಪಟ್ಟಿಯವು. ರಸ್ತೆಗೆ ಬಾಗಿಲು ಹಾಕಿಕೊಂಡು ಕಳ್ಳನನ್ನು ಒಳಗೇ ಕೂರಿಸಿಕೊಂಡಿದ್ದೆ.

ಎಳೆ ಕೂದಲಿಗಿಂತ ತೆಳ್ಳಗಿರಬಹುದು. ಆದರೆ ಅದರ ಸುತ್ತ ಫಿಲ್ಮ್ ಗುಡಾರದ ಹಾಗೆ ಎದ್ದು ನಿಲ್ಲುತ್ತದೆ, ಅದರಲ್ಲಿ ಗಾಳಿ ಸೇರುತ್ತದೆ. ಕಣ್ಣಿಗೆ ಬೀಳುವುದು ಆ ಗುಡಾರ. ನೀರಿನ ಗುಳ್ಳೆಯಾದರೆ ಕೆಲವು ದಿನದಲ್ಲಿ ತಾನಾಗೇ ಆರಿಹೋಗುತ್ತದೆ. ಇದು ಹೋಗುವುದಿಲ್ಲ.

ಮೊದಲು ಟವೆಲ್ಲಿಗೆ ಗೇಟ್‌ಪಾಸ್ ಕೊಟ್ಟೆ. ಗಾಜನ್ನು ಸಾಬೂನು ನೀರು ಹೊಡೆದು ಬ್ಲೇಡಿನಿಂದ ಕೆರೆಯುತ್ತೇನೆ, ಮತ್ತೆ ನೀರು ಹೊಡೆದು ರಬ್ಬರ್ ವೈಪರ್‌ನಿಂದ ಎಳೆಯುತ್ತೇನೆ. ಪ್ರತಿ ಎಳೆತಕ್ಕೂ ರಬ್ಬರಿನ ಅಂಚು ತೊಳೆಯುತ್ತೇನೆ. ಕೊನೆಯ ಸಲ ಗಾಜಿಗೆ ಯಾವ ಬಟ್ಟೆಯೂ ತಾಕುವುದಿಲ್ಲ. ಕಾಟನ್ ಅಂಗಿ ಬಿಟ್ಟು ನುಣುಪಾದ ಹಳೇ ಕ್ರಿಕೆಟ್ ಜೆರ್ಸಿ ಹಾಕಿಕೊಳ್ಳುತ್ತೇನೆ. ಮುಂಗೈ ಒದ್ದೆ ಮಾಡಿಕೊಳ್ಳುತ್ತೇನೆ, ಕೂದಲು ಉದುರದಿರಲಿ ಅಂತ. ಹುಡುಗರು ನಕ್ಕರು. ನಗಲಿ.

ಹೆಚ್ಚು ತಲೆ ತಿಂದದ್ದು ಆ ಸಂದಿಯ ಪಟ್ಟಿ. ಗಾಜು ಒಂದು ಸಲ ಮೇಲೆ ಕೆಳಗೆ ಹೋದರೆ ಸಾಕು, ಅಲ್ಲಿನ ಕಸವೆಲ್ಲ ಮೇಲೆ ಬರುತ್ತದೆ. ಈಗ ಮೊದಲೇ ವ್ಯಾಕ್ಯೂಮ್ ಹಿಡಿಯುತ್ತೇನೆ. ಆಮೇಲೆ ಮಾಸ್ಕಿಂಗ್ ಟೇಪನ್ನು ಪಟ್ಟಿಯ ಮೇಲೆ ಒತ್ತಿ ಕೀಳುತ್ತೇನೆ. ಎರಡು ಸಲ, ಮೂರು ಸಲ, ಟೇಪ್ ಚೊಕ್ಕವಾಗಿ ಬರುವವರೆಗೆ. ಗಾಜನ್ನು ಎರಡು ಇಂಚು ಇಳಿಸಿ ಮೇಲಂಚು ತೊಳೆಯುತ್ತೇನೆ, ಏರಿಸುತ್ತೇನೆ, ಕೊನೆಗೆ ಪಟ್ಟಿಯ ಮೇಲೆ ಹೊಸ ಟೇಪ್ ಹಾಸಿಬಿಡುತ್ತೇನೆ. ಅಲ್ಲಿಂದ ಮುಂದೆ ಫಿಲ್ಮ್ ಕೂರುವವರೆಗೆ ಗಾಜಿನ ಬಟನ್ ಯಾರೂ ಮುಟ್ಟುವ ಹಾಗಿಲ್ಲ.

ಇನ್ನೊಂದು ಕಳ್ಳ ಕಣ್ಣಿಗೇ ಕಾಣುವುದಿಲ್ಲ. ಫಿಲ್ಮಿನ ಹಿಂದಿನ ಹಾಳೆ ಬಿಡಿಸುವಾಗ ಚಟಪಟ ಅನ್ನುತ್ತದೆ ಅಲ್ವಾ? ಅದು ಸ್ಟ್ಯಾಟಿಕ್ ಕರೆಂಟ್. ಒಣಹವೆಯಲ್ಲಿ ಜಾಸ್ತಿ. ನಮ್ಮ ಕಡೆ ಒಣಹವೆಗೇನು ಬರ? ಆ ಕ್ಷಣದಲ್ಲಿ ಸುತ್ತಲಿನ ಎಳೆ, ಕೂದಲು, ಹೊಟ್ಟು ಎಲ್ಲ ಅಂಟಿನ ಕಡೆಗೆ ಜಿಗಿಯುತ್ತವೆ. ಅದಕ್ಕೇ ನಾನು ಹಾಳೆಯನ್ನು ಸರ್ರನೆ ಎಳೆಯುವುದಿಲ್ಲ. ಒಬ್ಬ ಮೆಲ್ಲಗೆ ಬಿಡಿಸಿದರೆ, ಇನ್ನೊಬ್ಬ ಬಿಟ್ಟುಬಿಡದೆ ಸ್ಪ್ರೇ ಹೊಡೆಯುತ್ತಾನೆ. ಅಂಟು ಒಂದು ಬೆರಳಗಲವೂ ಒಣಗಿರಬಾರದು. ಅದಕ್ಕೂ ಮುಂಚೆ ನೆಲಕ್ಕೆ ನೀರು ಚಿಮುಕಿಸಿ, ಕಾರಿನೊಳಗೆ ಗಾಳಿಯಲ್ಲಿ ಒಂದೆರಡು ಸಲ ಸ್ಪ್ರೇ ಹೊಡೆಯುತ್ತೇವೆ, ಹಾರುತ್ತಿರುವುದು ಕೆಳಗೆ ಕೂರಲಿ ಅಂತ.

ನೀರಿನ ವಿಷಯದಲ್ಲೂ ಒಂದು ಪಾಠ ಕಲಿತೆ. ಬಹಳ ದಿನ ಬೋರಿನ ನೀರನ್ನೇ ಬಳಸಿದೆ. ಶಹಾಬಾದ್ ಕಲ್ಲಿನ ಸೀಮೆಯ ನೀರು, ಗಡಸು. ನೀರು ಆರಿದ ಮೇಲೆ ಬಿಳಿ ಚುಕ್ಕೆ ಉಳಿಯುತ್ತಿತ್ತು, ಅದನ್ನೂ ಧೂಳು ಅಂದುಕೊಂಡಿದ್ದೆ. ಈಗ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತರುತ್ತೇನೆ, ಲೀಟರಿಗೆ ನಾಲ್ಕೈದು ಹನಿ ಬೇಬಿ ಶಾಂಪೂ. ಬಾಟಲಿಯನ್ನು ದಿನಾ ತೊಳೆಯಬೇಕು, ಇಲ್ಲಾಂದ್ರೆ ತಳದ ಕಸವನ್ನೇ ಗಾಜಿಗೆ ಹೊಡೆದ ಹಾಗೆ.

ಇಷ್ಟಾದರೂ ಒಂದು ಎಳೆ ನುಸುಳಿದರೆ ಫಿಲ್ಮ್ ಇನ್ನೂ ಜಾರುವಾಗಲೇ ಹಿಡಿಯಬೇಕು. ಹತ್ತಿರದ ಮೂಲೆ ಎತ್ತಿ, ಧಾರಾಳ ನೀರು ಹೊಡೆದು, ಟೇಪಿನ ಚೂಪು ತುದಿಯಿಂದ ಎಳೆ ಎತ್ತಿಕೊಂಡು ಮತ್ತೆ ಮಲಗಿಸಬೇಕು. ಅಂಟು ಹಿಡಿದ ಮೇಲೆ ಎತ್ತಿದರೆ ಫಿಲ್ಮ್ ಮಡಿಕೆ ಬೀಳುತ್ತದೆ. ಆಗ ಸುಮ್ನೆ ಬಿಡುವುದೇ ಲೇಸು.

ಕರ್ರಗಿನ ಫಿಲ್ಮ್ ಕೇಳುವವರಿಗೆ ನಾನು ಇಲ್ಲ ಅನ್ನುತ್ತೇನೆ. 2012ರಲ್ಲಿ ಸುಪ್ರೀಂ ಕೋರ್ಟ್ ಫಿಲ್ಮ್ ಅಂಟಿಸುವುದನ್ನೇ ಬೇಡ ಎಂದಿತ್ತು. ಆಮೇಲೆ ನಿಯಮ ಬದಲಾಯಿತು, 2024ರಲ್ಲಿ ಕೇರಳ ಹೈಕೋರ್ಟ್ ಮಿತಿಯೊಳಗಿನ ಫಿಲ್ಮ್ ನಡೆಯುತ್ತದೆ ಎಂದಿತು. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ 70, ಪಕ್ಕದ ಗಾಜಿನಲ್ಲಿ 50 ಪರ್ಸೆಂಟ್ ಬೆಳಕು ದಾಟಬೇಕು. ಅದೂ ಅಲ್ಲದೆ ಕರಿ ಫಿಲ್ಮಿನಲ್ಲಿ ಒಂದೊಂದು ಎಳೆಯೂ ಅಮಾವಾಸ್ಯೆಯ ಚುಕ್ಕಿಯ ಹಾಗೆ ಹೊಳೆಯುತ್ತದೆ!

ಕಾಕಾ ಈ ವರ್ಷ ಅಳಿಯನ ಕಾರು ತಂದಿದ್ದರು. ಕೆಲಸ ಮುಗಿದ ಮೇಲೆ ಚಾಳೀಸು ಹಾಕಿಕೊಂಡು ನಾಲ್ಕೂ ಗಾಜು ನೋಡಿದರು. ಹಿಂದಿನ ಎಡಗಾಜಿನ ಹತ್ತಿರ ಬಹಳ ಹೊತ್ತು ನಿಂತರು.

"ಇಲ್ಲಿ ಒಂದು ಅದ."

"ಅದ ರೀ ಕಾಕಾ," ಎಂದೆ. "ಅದು ನನ್ನ ಮೀಸಿದು. ಮಧ್ಯಾಹ್ನನೇ ನೋಡೀನಿ."