ಹಿಮ ಬೀಳುವ ಊರಿಗೆ ಮನೆ ಬದಲಾಯಿಸುವ ಮುನ್ನ

ಬೆಂಗಳೂರು ಬಿಟ್ಟು ಹಿಮ ಬೀಳುವ ಊರಲ್ಲಿ ಇರಬೇಕು, ಸ್ಕೀಯಿಂಗ್ ಮಾಡಬೇಕು ಅಂತಿದ್ದೀರಾ? ಮೇ ತಿಂಗಳಲ್ಲಿ ಹೋಗಿ ಊರು ಆರಿಸಬೇಡಿ. ಇಲ್ಲಿನ ಡಿಸೆಂಬರ್ ಚಳಿಗೇ ಸ್ವೆಟರ್ ಹುಡುಕುವವರು ನಾವು, ಅಲ್ವಾ? ಜನವರಿಯಲ್ಲಿ ಬಾಡಿಗೆ ಮನೆ ಹಿಡಿದು ಒಂದು ತಿಂಗಳು ಇದ್ದು ನೋಡಿ. ನೀರು ಪೈಪಲ್ಲೇ ಗಡ್ಡೆ ಕಟ್ಟಿದಾಗ, ಕರೆಂಟ್ ಹೋದಾಗ, ರಸ್ತೆ ಮುಚ್ಚಿದಾಗ ಅಲ್ಲಿನವರು ಏನು ಮಾಡುತ್ತಾರೆ ಅನ್ನುವುದು ಆಗಲೇ ಗೊತ್ತಾಗುವುದು.

ಹಿಮಾಚಲದ ಮನಾಲಿ ಸುತ್ತಿನ ಹಳ್ಳಿಗಳು ಮೊದಲ ಸಲಕ್ಕೆ ಸುಲಭ. ಸೋಲಂಗ್ ಕಣಿವೆ ಹತ್ತಿರ, ಸ್ಕೀಯಿಂಗ್ ಕಲಿಸುವ ಪರ್ವತಾರೋಹಣ ಸಂಸ್ಥೆಯೂ ಮನಾಲಿಯಲ್ಲೇ ಇದೆ. ಇನ್ನೂ ಜಾಸ್ತಿ ಹಿಮ ಬೇಕಾದರೆ ಬೆಟ್ಟದಾಚೆಯ ಲಾಹೌಲ್ ಕಣಿವೆ. 2020ರಲ್ಲಿ ಮನಾಲಿ ಕಡೆಯಿಂದ ಅಲ್ಲಿಗೆ ಅಟಲ್ ಸುರಂಗ ಆದ ಮೇಲೆ ಚಳಿಗಾಲದಲ್ಲೂ ಹೋಗಬಹುದು, ಆದರೆ ಜೋರಾಗಿ ಹಿಮ ಬಿದ್ದರೆ ಆ ದಾರಿಯೂ ಬಂದ್. ಉತ್ತರಾಖಂಡದ ಔಲಿಯಲ್ಲಿ ಸ್ಕೀಯಿಂಗ್ ಇಳಿಜಾರು ಚೆನ್ನಾಗಿದೆ ನಿಜ, ಆದರೆ ಅದರ ಕೆಳಗಿನ ಜೋಶಿಮಠದಲ್ಲಿ 2023ರಲ್ಲಿ ನೆಲ ಕುಸಿದು ಮನೆಗಳು ಬಿರುಕು ಬಿಟ್ಟವು. ನಾನಾದರೆ ಅಲ್ಲಿ ಮನೆ ಹುಡುಕುವುದಿಲ್ಲ.

ಸೈಟ್ ಕೊಳ್ಳುವ ಯೋಚನೆ ಸದ್ಯಕ್ಕೆ ಬಿಡಿ. ಹಿಮಾಚಲದಲ್ಲಿ 1972ರ ಗೇಣಿ ಮತ್ತು ಭೂಸುಧಾರಣಾ ಕಾಯ್ದೆಯ 118ನೇ ಸೆಕ್ಷನ್ ಪ್ರಕಾರ, ಅಲ್ಲಿನ ಕೃಷಿಕರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಜಮೀನು ಕೊಳ್ಳುವ ಹಾಗಿಲ್ಲ. ವರ್ಕ್ ಫ್ರಮ್ ಹೋಮ್ ಇದ್ದರೆ ನೆಟ್‌ವರ್ಕನ್ನು ಆ ಮನೆಯೊಳಗೇ ಕೂತು ಪರೀಕ್ಷಿಸಿ. ಆಸ್ಪತ್ರೆ ಎಷ್ಟು ದೂರ ಅಂತಲೂ ಕೇಳಿ.