ಫೆಬ್ರುವರಿ 29ರ ಬಾಕಿ: ಕಾಫಿ ಪುಡಿ ಕಂಪನಿಯೊಂದರ ಸಾಲದ ಲೆಕ್ಕ

ಕುಶಾಲನಗರದಲ್ಲಿ ನಾವು ನಡೆಸುತ್ತಿರುವುದು ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರುವ ಸಣ್ಣ ಕಂಪನಿ. ನಾನು ಮತ್ತು ನನ್ನ ತಮ್ಮ ನಿರ್ದೇಶಕರು. ಕೆಲಸಗಾರರು ಒಂಬತ್ತು ಮಂದಿ. 2020ರವರೆಗೆ ನಮ್ಮ ಪುಡಿಯ ಬಹುಪಾಲು ಐದು ಕಿಲೋ ಚೀಲಗಳಲ್ಲಿ ಮಡಿಕೇರಿ, ವಿರಾಜಪೇಟೆ ಕಡೆಯ ಹೋಂಸ್ಟೇಗಳಿಗೂ ಹೋಟೆಲುಗಳಿಗೂ ಹೋಗುತ್ತಿತ್ತು. 2018ರ ಆಗಸ್ಟ್‌ನ ಭೂಕುಸಿತ ಮತ್ತು ಮರುವರ್ಷದ ಪ್ರವಾಹದಿಂದ ಪ್ರವಾಸಿಗರು ಕಡಿಮೆಯಾಗಿ, ಹೋಂಸ್ಟೇಯವರು ನಮಗೆ ಹಣ ಕೊಡುವುದು ಒಂದು ತಿಂಗಳಿಂದ ಎರಡು ತಿಂಗಳಿಗೆ ಜಾರಿತ್ತು. ಆ ಸುಸ್ತು ಆರುವ ಮೊದಲೇ ಲಾಕ್‌ಡೌನ್ ಬಂತು.

ಆಗ ಬ್ಯಾಂಕಿನಲ್ಲಿ ನಮಗೆ ಎರಡು ಸಾಲಗಳಿದ್ದವು. ಹುರಿಯುವ ಯಂತ್ರಕ್ಕೆಂದು ತೆಗೆದ ಅವಧಿ ಸಾಲದಲ್ಲಿ 14,20,000 ರೂಪಾಯಿ ಉಳಿದಿತ್ತು. ದುಡಿಯುವ ಬಂಡವಾಳಕ್ಕೆ 40 ಲಕ್ಷ ಮಿತಿಯ ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆಯಿತ್ತು, ಅಂದರೆ ಮಿತಿಯೊಳಗೆ ಬೇಕಾದಾಗ ಸಾಲ ತೆಗೆದು, ಹಣ ಬಂದಾಗ ಕಟ್ಟುವ ಖಾತೆ. ಕೊಡಗಿನಲ್ಲಿ ಫೆಬ್ರುವರಿ ಎಂದರೆ ರೋಬಸ್ಟಾ ಕಾಫಿಯ ಕೊಯ್ಲಿನ ಕಾಲ. ಕಣದಲ್ಲಿ ಒಣಗಿದ ಚೆರಿಯನ್ನು (ಕಾಫಿ ಹಣ್ಣನ್ನು) ಬೆಳೆಗಾರರು ತಂದು ಇಳಿಸುತ್ತಿದ್ದಂತೆ ನಾವು ಸಿಸಿಯಿಂದ ಹಣ ತೆಗೆದು ಕೊಡುತ್ತಿದ್ದೆವು. ಹೀಗಾಗಿ 2020ರ ಫೆಬ್ರುವರಿ 29ರ ಶನಿವಾರ ಸಿಸಿಯ ಬಾಕಿ 36,80,000 ರೂಪಾಯಿ ಇತ್ತು. ಆ ದಿನ ಅದೊಂದು ಭಾರವೆಂದೇ ಅನ್ನಿಸಿತ್ತು. ಅದೇ ಅಂಕಿ ಮುಂದೆ ನಮ್ಮ ಕೈಹಿಡಿಯುತ್ತದೆ ಎಂಬ ಊಹೆಯೂ ಇರಲಿಲ್ಲ.

ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಮೂರು ತಿಂಗಳ ಕಂತು ಮುಂದೂಡಿಕೆಗೆ ಅವಕಾಶ ಕೊಟ್ಟಿತು, ಮೇ ತಿಂಗಳಲ್ಲಿ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ನಾವು ಎರಡೂ ಖಾತೆಗಳಿಗೆ ಅದನ್ನು ಪಡೆದೆವು. ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲ ಎಂಬುದು ನಮಗೆ ಮೊದಲೇ ಗೊತ್ತಿತ್ತು: ಯಂತ್ರದ ಸಾಲವೊಂದಕ್ಕೇ ಶೇಕಡ 10.5ರಂತೆ ತಿಂಗಳಿಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ಬಡ್ಡಿ ಬೆಳೆಯುತ್ತಿತ್ತು. ಬಡ್ಡಿಯ ಮೇಲಿನ ಬಡ್ಡಿಯನ್ನು ಮರಳಿಸುವ ಸರ್ಕಾರದ ಯೋಜನೆಯಲ್ಲಿ ಎರಡೂ ಸಾಲ ಸೇರಿ ನಮಗೆ ಆ ವರ್ಷದ ಕೊನೆಯ ಹೊತ್ತಿಗೆ ಬಂದದ್ದು 5,900 ರೂಪಾಯಿ ಚಿಲ್ಲರೆ.

ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಮೇ 13ರಂದು 3 ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆಯನ್ನು ಘೋಷಿಸಿದರು. ಹೊಸ ಅಡಮಾನ ಬೇಡ, ಖಾತರಿ ಶುಲ್ಕವಿಲ್ಲ, ಬ್ಯಾಂಕುಗಳಲ್ಲಿ ಬಡ್ಡಿ ಶೇಕಡ 9.25ನ್ನು ಮೀರುವಂತಿಲ್ಲ, ನಾಲ್ಕು ವರ್ಷದ ಅವಧಿಯಲ್ಲಿ ಮೊದಲ ವರ್ಷ ಅಸಲು ಕಟ್ಟಬೇಕಿಲ್ಲ. ಸಾಲದ ಮೊತ್ತ ಫೆಬ್ರುವರಿ 29ರ ಬಾಕಿಯ ಶೇಕಡ 20. ಆ ದಿನಕ್ಕೆ ಕಂತು 60 ದಿನಕ್ಕಿಂತ ಹೆಚ್ಚು ಹಿಂದೆ ಬಿದ್ದಿರಬಾರದು ಎಂಬ ಷರತ್ತೂ ಇತ್ತು. ಶಾಖೆಯ ವ್ಯವಸ್ಥಾಪಕಿ ನಮ್ಮ ಖಾತೆಯ ಹಾಳೆಯನ್ನು ಮೇಜಿನ ಮೇಲೆ ಹರಡಿ, ಆ ಒಂದು ಸಾಲಿನ ಕೆಳಗೆ ಅಡ್ಡಪಟ್ಟಿ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದರು. ಎರಡೂ ಸೇರಿ 51 ಲಕ್ಷ. ಅದರ ಐದನೇ ಒಂದು ಭಾಗ 10,20,000. “ಮಿತಿ ಎಷ್ಟಿದೆ ಅನ್ನುವುದು ಮುಖ್ಯವಲ್ಲ ಸರ್, ಆ ದಿನ ಎಷ್ಟು ಬಾಕಿ ಇತ್ತು ಅನ್ನುವುದಷ್ಟೇ ಲೆಕ್ಕ” ಎಂದರು. ನಮ್ಮ ಪಕ್ಕದ ಗೋದಾಮಿನವರಿಗೂ 40 ಲಕ್ಷದ್ದೇ ಮಿತಿ; ಆದರೆ ಆ ವಾರ ದೊಡ್ಡ ವಸೂಲಿಯನ್ನು ಖಾತೆಗೆ ಕಟ್ಟಿ ಬಾಕಿಯನ್ನು 12 ಲಕ್ಷಕ್ಕೆ ಇಳಿಸಿಕೊಂಡಿದ್ದರು. ಅವರಿಗೆ ಸಿಕ್ಕಿದ್ದು 2,40,000. ಶಿಸ್ತಿನಿಂದ ಖಾತೆ ನಡೆಸಿದವರಿಗೆ ಕಡಿಮೆ ಸಿಕ್ಕಿತಲ್ಲ ಎಂಬ ಬೇಸರ ನನಗೆ ಇಂದಿಗೂ ಇದೆ.

ಹೋಂಸ್ಟೇ ನಡೆಸುವ ನಮ್ಮ ಗ್ರಾಹಕರಲ್ಲಿ ಅನೇಕರಿಗೆ ಇಷ್ಟೂ ಸಿಗಲಿಲ್ಲ. ಅವರ ಸಾಲವೆಲ್ಲ ಸ್ವಂತ ಹೆಸರಿನ ಮನೆ ಸಾಲ ಅಥವಾ ಒಡವೆಯ ಮೇಲಿನ ಸಾಲ. ವ್ಯವಹಾರದ ಸಾಲವೆಂದು ಬ್ಯಾಂಕಿನ ಪುಸ್ತಕದಲ್ಲಿ ಇರದಿದ್ದ ಕಾರಣ ಶೇಕಡ 20 ಎಂದು ಲೆಕ್ಕ ಹಾಕಲು ಏನೂ ಇರಲಿಲ್ಲ. 2021ರಲ್ಲಿ ಆತಿಥ್ಯ ಮತ್ತು ಪ್ರವಾಸೋದ್ಯಮಕ್ಕೆ ಶೇಕಡ 40ರವರೆಗೆ ಕೊಡುವ, ಇದೇ ಯೋಜನೆಯ ಮೂರನೆಯ ಹಂತ ಬಂದಾಗಲೂ ಅವರ ಸ್ಥಿತಿ ಬದಲಾಗಲಿಲ್ಲ.

ಹಣ ಮಂಜೂರಾಗುವುದಕ್ಕಿಂತ ಕಷ್ಟದ ಸಂಗತಿ ಬೇರೆಯೇ ಇತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಿಸಿ ಖಾತೆಯಿಂದ ಎಷ್ಟು ತೆಗೆಯಬಹುದು ಎಂಬುದು ಮಂಜೂರಾದ ಮಿತಿಯಿಂದಷ್ಟೇ ಅಲ್ಲ, ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಿಂದ (ದಾಸ್ತಾನು ಮತ್ತು ಗ್ರಾಹಕರಿಂದ ಬರಬೇಕಾದ ಹಣದ ವಿವರ) ಬರುವ ಡ್ರಾಯಿಂಗ್ ಪವರ್‌ನಿಂದಲೂ, ಅಂದರೆ ಆ ತಿಂಗಳು ತೆಗೆಯಬಹುದಾದ ಗರಿಷ್ಠ ಮೊತ್ತದಿಂದಲೂ ನಿರ್ಧಾರವಾಗುತ್ತದೆ. ಫೆಬ್ರುವರಿಯಲ್ಲಿ ನಮ್ಮಲ್ಲಿ 30 ಲಕ್ಷದ ದಾಸ್ತಾನಿತ್ತು, ಶೇಕಡ 25 ಮಾರ್ಜಿನ್ (ಬ್ಯಾಂಕು ಸಾಲಕ್ಕೆ ಎಣಿಸದೆ ಬಿಡುವ ಪಾಲು) ಕಳೆದರೆ 22.5 ಲಕ್ಷ, ಗ್ರಾಹಕರಿಂದ ಬರಬೇಕಾದದ್ದು 24 ಲಕ್ಷ, ಶೇಕಡ 40 ಕಳೆದರೆ 14.4 ಲಕ್ಷ, ಒಟ್ಟು 36.9 ಲಕ್ಷ. ಮೇ ಕೊನೆಗೆ ದಾಸ್ತಾನು 27 ಲಕ್ಷ ಇತ್ತು. ಬರಬೇಕಾದದ್ದು 22 ಲಕ್ಷವಿದ್ದರೂ ಅದರಲ್ಲಿ 13 ಲಕ್ಷ 90 ದಿನ ದಾಟಿದ ಬಾಕಿಯಾಗಿತ್ತು, ದಾಟಿದ್ದನ್ನು ಬ್ಯಾಂಕು ಎಣಿಸುವುದಿಲ್ಲ. ಉಳಿದ 9 ಲಕ್ಷಕ್ಕೆ 5.4 ಲಕ್ಷ, ದಾಸ್ತಾನಿಗೆ 20.25 ಲಕ್ಷ, ಒಟ್ಟು 25.65 ಲಕ್ಷಕ್ಕೆ ಇಳಿಯಿತು. ಖಾತೆಯಲ್ಲಿ ಬಾಕಿ 36.8 ಲಕ್ಷ ಹಾಗೆಯೇ ಕುಳಿತಿತ್ತು. ಅಂದರೆ ನಾವು ಹನ್ನೊಂದು ಲಕ್ಷದಷ್ಟು ಹೆಚ್ಚುವರಿ ತೆಗೆದಂತೆ ಲೆಕ್ಕ. ಹೊಸ ಸಾಲದ 10.2 ಲಕ್ಷ ಆ ಖಾತೆಗೆ ಬಂದಿದ್ದರೆ ಆ ಹಳ್ಳ ತುಂಬುವುದಕ್ಕೇ ಅಷ್ಟೂ ಮುಗಿದು, ಸಂಬಳಕ್ಕೆಂದು ಒಂದು ಸಾವಿರವನ್ನೂ ತೆಗೆಯಲು ಆಗುತ್ತಿರಲಿಲ್ಲ.

ನಮ್ಮ ಲೆಕ್ಕಪರಿಶೋಧಕರು ಮಾರ್ಚ್ 27ರ ಅದೇ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ಮತ್ತೊಮ್ಮೆ ಓದಿದರು. ಕಂತಿನ ಮಾತನ್ನಷ್ಟೇ ಎಲ್ಲರೂ ನೆನಪಿಟ್ಟುಕೊಂಡಿದ್ದರು. ಮಾರ್ಜಿನ್ ಇಳಿಸಿ ಅಥವಾ ದುಡಿಯುವ ಬಂಡವಾಳದ ಆವರ್ತವನ್ನು (ಹಾಕಿದ ಹಣ ಮಾರಾಟವಾಗಿ ಮರಳಿ ಬರುವ ಅವಧಿಯನ್ನು) ಮರುಪರಿಶೀಲಿಸಿ ಡ್ರಾಯಿಂಗ್ ಪವರ್ ಲೆಕ್ಕ ಹಾಕಲು ಬ್ಯಾಂಕುಗಳಿಗೆ ಅವಕಾಶವಿದೆ ಎಂದೂ ಅದರಲ್ಲಿತ್ತು. ನಾನು ಎರಡು ಪುಟದ ಪತ್ರ ಬರೆದೆ. ಗ್ರಾಹಕರ ಪಟ್ಟಿ, ಪ್ರತಿಯೊಬ್ಬರ ಬಿಲ್ಲಿನ ದಿನಾಂಕ, ಹಿಂದಿನ ಎರಡು ವರ್ಷ ಅವರು ಹಣ ಕೊಟ್ಟ ದಿನಾಂಕಗಳನ್ನು ಲಗತ್ತಿಸಿದೆ. ದಾಸ್ತಾನಿನ ಮಾರ್ಜಿನ್ ಶೇಕಡ 10ಕ್ಕೆ ಇಳಿಸಬೇಕು, 180 ದಿನದವರೆಗಿನ ಬಾಕಿಯನ್ನು ಎಣಿಸಬೇಕು ಎಂದು ಕೇಳಿದೆ. ಪರಿಶೀಲನೆಗೆ ಬಂದ ಅಧಿಕಾರಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡೇ ಗೋದಾಮಿನಲ್ಲಿ ಚೀಲಗಳ ಅಟ್ಟಿಯನ್ನು ಒಂದೊಂದಾಗಿ ಎಣಿಸಿದರು, ಹತ್ತನೆಯದನ್ನು ಬಿಚ್ಚಿಸಿ ಬೀಜವನ್ನು ಅಂಗೈಗೆ ಸುರಿದು ನೋಡಿದರು. ಜೂನ್ ಎರಡನೇ ವಾರ ಒಪ್ಪಿಗೆ ಬಂತು. ಹೊಸ ಲೆಕ್ಕದಲ್ಲಿ 24.3 ಮತ್ತು 13.2 ಸೇರಿ 37.5 ಲಕ್ಷವಾಯಿತು, ಹಳ್ಳ ಮುಚ್ಚಿತು. ಇದು ತಾತ್ಕಾಲಿಕ; ಮಾರ್ಜಿನ್ನನ್ನು 2021ರ ಮಾರ್ಚ್ 31ರೊಳಗೆ ಹಳೆಯ ಮಟ್ಟಕ್ಕೆ ತರಬೇಕಿತ್ತು.

ಶೇಕಡ 7.5ರ ಬಡ್ಡಿಗೆ ಸಿಕ್ಕ 10.2 ಲಕ್ಷದಲ್ಲಿ ಮೊದಲು 3.6 ಲಕ್ಷವನ್ನು ಚೆರಿ ಕೊಟ್ಟು ಹಣಕ್ಕಾಗಿ ಕಾಯುತ್ತಿದ್ದ ಸಣ್ಣ ಬೆಳೆಗಾರರಿಗೆ ಕೊಟ್ಟೆವು. ಮಳೆಗಾಲಕ್ಕೆ ಮೊದಲು ಗೊಬ್ಬರಕ್ಕೂ ಆಳಿನ ಕೂಲಿಗೂ ಅವರಿಗೆ ಆ ಹಣ ಬೇಕೇ ಬೇಕಿತ್ತು. ಸುಮಾರು 3 ಲಕ್ಷ ಮೂರು ತಿಂಗಳ ಸಂಬಳಕ್ಕೆ ಹೋಯಿತು. 2.1 ಲಕ್ಷದಲ್ಲಿ ನೂರು ಮತ್ತು ಇನ್ನೂರು ಗ್ರಾಂ ಪ್ಯಾಕೆಟ್ಟಿನ ಸಾಮಗ್ರಿ ತರಿಸಿ, ಮೈಸೂರು ಮತ್ತು ಬೆಂಗಳೂರಿನ ಮನೆಗಳಿಗೆ ಕೊರಿಯರ್ ಮೂಲಕ ಪುಡಿ ಕಳುಹಿಸಲು ಆರಂಭಿಸಿದೆವು. ತಮ್ಮನಿಗೆ ಪ್ಯಾಕಿಂಗ್ ಯಂತ್ರವನ್ನೇ ಕೊಳ್ಳುವ ಆಸೆಯಿತ್ತು. ದುಡಿಯುವ ಬಂಡವಾಳಕ್ಕೆಂದು ಕೊಟ್ಟ ಹಣವನ್ನು ಯಂತ್ರಕ್ಕೆ ಹಾಕಬಾರದು ಎಂದು ನಾನು ತಡೆದೆ. ಉಳಿದ 1.5 ಲಕ್ಷವನ್ನು ಬಡ್ಡಿ ಕಟ್ಟುವುದಕ್ಕೆಂದು ಮುಟ್ಟದೆ ಇಟ್ಟೆವು.

ಆದರೂ ಮೊದಲ ತಿಂಗಳೇ ಒಂದು ತಪ್ಪು ಮಾಡಿದೆವು. ಒಂದು ವರ್ಷ ಏನೂ ಕಟ್ಟಬೇಕಿಲ್ಲ ಎಂದು ನಮ್ಮ ಲೆಕ್ಕದ ಹುಡುಗ ತಿಳಿದುಕೊಂಡಿದ್ದ. ವಿನಾಯಿತಿ ಇದ್ದದ್ದು ಅಸಲಿಗೆ ಮಾತ್ರ. ತಿಂಗಳಿಗೆ 6,375 ರೂಪಾಯಿ ಬಡ್ಡಿ ಕಟ್ಟಲೇಬೇಕಿತ್ತು. ಇಪ್ಪತ್ತಾರು ದಿನ ಬಾಕಿ ಬಿದ್ದ ನಂತರ ಬ್ಯಾಂಕಿನಿಂದ ಕರೆ ಬಂದಾಗಲೇ ನಮಗೆ ತಿಳಿಯಿತು. ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಸುತ್ತಲೂ ಹಬ್ಬಿತ್ತು. ಬೆಳೆ ಸಾಲ ಮನ್ನಾ ಆದದ್ದನ್ನು ಕಂಡಿದ್ದ ಜನ, ಸರ್ಕಾರವೇ ಖಾತರಿ ಕೊಟ್ಟಿರುವ ಈ ಸಾಲವೂ ಮನ್ನಾ ಆಗುತ್ತದೆ ಎಂದು ನಂಬಿದ್ದರು. ರಾಷ್ಟ್ರೀಯ ಸಾಲ ಖಾತರಿ ಟ್ರಸ್ಟೀ ಕಂಪನಿಯ ಶೇಕಡ 100ರ ಖಾತರಿ ಬ್ಯಾಂಕಿಗೆ, ಸಾಲಗಾರನಿಗಲ್ಲ. ನಾವು ಕಟ್ಟದಿದ್ದರೆ ಖಾತೆ ಎಲ್ಲ ಸಾಲದಂತೆಯೇ 90 ದಿನಕ್ಕೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ವಸೂಲಿಯೂ ನಡೆಯುತ್ತದೆ. ಹೊಸ ಅಡಮಾನ ಕೇಳದಿದ್ದರೂ, ಇದ್ದ ಆಸ್ತಿಯ ಮೇಲೆ ಬ್ಯಾಂಕು ಎರಡನೇ ಚಾರ್ಜ್ (ಹಳೆಯ ಸಾಲದ ನಂತರದ ಹಕ್ಕು) ಹಾಕಿತ್ತು. ಕಂಪನಿಯಾದ್ದರಿಂದ ಅದನ್ನು ಕಂಪನಿ ರಿಜಿಸ್ಟ್ರಾರ್ ಬಳಿ ನೋಂದಾಯಿಸುವ ಕೆಲಸವೂ ನಮ್ಮ ಮೇಲೆ ಬಿತ್ತು.

ಅಸಲಿನ ಮೊದಲ ಕಂತು 2021ರ ಜುಲೈನಲ್ಲಿ, ಎರಡನೇ ಅಲೆಯ ನಿರ್ಬಂಧ ಸಡಿಲವಾಗುತ್ತಿದ್ದ ಹೊತ್ತಿಗೆ ಬಂತು: ಅಸಲು 28,333, ಬಡ್ಡಿ ಸೇರಿ 34,708 ರೂಪಾಯಿ. ಸಾಲವನ್ನು ಪುನರ್‌ರಚಿಸಿಕೊಂಡರೆ ಅವಧಿಯನ್ನು ಐದು ವರ್ಷಕ್ಕೆ ವಿಸ್ತರಿಸಿ, ಇನ್ನೂ ಶೇಕಡ 10 ಪಡೆಯುವ ದಾರಿ ಆಗ ತೆರೆದಿತ್ತು. ಪ್ಯಾಕೆಟ್ ಮಾರಾಟದಿಂದ ಕಂತಿನಷ್ಟು ಹಣ ಹುಟ್ಟುತ್ತಿದ್ದುದರಿಂದ ನಾವು ಅದನ್ನು ತೆಗೆದುಕೊಳ್ಳಲಿಲ್ಲ. ಮೂವತ್ತಾರನೆಯ ಕಂತನ್ನು 2024ರ ಜೂನ್‌ನಲ್ಲಿ ಕಟ್ಟಿದೆವು. ಬ್ಯಾಂಕಿನಿಂದ ಬೇಬಾಕಿ ಪತ್ರ ಪಡೆದು, ಆ ಎರಡನೇ ಚಾರ್ಜನ್ನು ತೆಗೆಸುವ ನಮೂನೆಯನ್ನು ರಿಜಿಸ್ಟ್ರಾರ್‌ಗೆ ಸಲ್ಲಿಸಿದ ಸ್ವೀಕೃತಿಯನ್ನು, ಪೆನ್ಸಿಲ್ ಗೆರೆ ಎಳೆದ ಆ ಹಳೆಯ ಹಾಳೆಯ ಜೊತೆಗೇ ಕಡತದಲ್ಲಿ ಇಟ್ಟಿದ್ದೇನೆ.